ಒಲೆ ಮೇಲೆ ಒಂದೇ ಪಾತ್ರೆ: ದುಡಿದು ಬಂದ ರಾತ್ರಿಗೆ ಏನು ಮಾಡೋದು?

ಪ್ರಶ್ನೆ: ನಾನು, ನನ್ನ ಗಂಡ ಇಬ್ಬರೂ ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗುತ್ತೇವೆ. ಮನೆ ಸೇರುವಾಗ ಏಳೂವರೆ ಆಗಿರುತ್ತದೆ. ಏಳು ವರ್ಷದ ಮಗ ಇದ್ದಾನೆ, ಅವನಿಗೆ ಖಾರ ಆಗುವುದಿಲ್ಲ. ಅತ್ತೆಯವರಿಗೆ ಸಕ್ಕರೆ ಕಾಯಿಲೆ, ರಾತ್ರಿ ಅನ್ನ ಬೇಡ ಅನ್ನುತ್ತಾರೆ. ಸಾರು, ಪಲ್ಯ, ಚಪಾತಿ ಅಂತ ನಿಂತರೆ ಊಟಕ್ಕೆ ಕೂರುವುದು ಒಂಬತ್ತೂವರೆಗೆ. ಹಾಗಾಗಿ ವಾರದಲ್ಲಿ ಎರಡು ಮೂರು ದಿನ ಹೊರಗಿನಿಂದ ತರಿಸುತ್ತೇವೆ. ಕಳೆದ ಒಂದು ವರ್ಷದಲ್ಲಿ ನಿಮ್ಮ ಮನೆಯಲ್ಲಿ ರಾತ್ರಿಗೆ ಮತ್ತೆ ಮತ್ತೆ ಮಾಡಿದ ಸುಲಭದ ಅಡುಗೆಗಳನ್ನು ಅಳತೆ ಸಮೇತ ಹೇಳುತ್ತೀರಾ?

ಉತ್ತರ: ನೀವು ಹೇಳಿದ ಮೂರು ಹೆಸರು ನೋಡಿ. ಸಾರು, ಪಲ್ಯ, ಚಪಾತಿ. ಮೂರಕ್ಕೂ ಒಲೆ ಬೇಕು, ಮೂರಕ್ಕೂ ನೀವು ಎದುರಿಗೇ ನಿಂತಿರಬೇಕು. ಚಪಾತಿಯಂತೂ ಕೊನೆಯದು ಬೇಯುವ ತನಕ ಬಿಡುವುದಿಲ್ಲ. ಎರಡು ಗಂಟೆ ಹಿಡಿಯುವುದರಲ್ಲಿ ಆಶ್ಚರ್ಯ ಏನಿಲ್ಲ. ಇನ್ನೂ ಬೇಗ ಬೇಗ ಕೈ ಆಡಿಸಿ ಅಂತ ನಾನು ಹೇಳುವುದಿಲ್ಲ. ದುಡಿದು ಬಂದ ರಾತ್ರಿಗೆ ಅಡುಗೆಯ ಜೋಡಣೆಯೇ ಬೇರೆ ಇರಬೇಕು.

ನಮ್ಮ ಮನೆಯಲ್ಲಿ ಕಳೆದ ಯುಗಾದಿಯಿಂದ ಈ ಯುಗಾದಿಯವರೆಗೆ ರಾತ್ರಿ ಏನು ಮಾಡಿದೆವು ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೆ. ನಿಮ್ಮ ಪತ್ರ ಓದಿದ ಮೇಲೆ ಅದನ್ನು ತೆಗೆದು ನೋಡಿದೆ. ಮತ್ತೆ ಮತ್ತೆ ಬಂದ ಅಡುಗೆಗಳಲ್ಲೆಲ್ಲ ಒಂದೇ ಗುಣ ಇದೆ. ಒಲೆ ಮೇಲೆ ಒಂದು ಪಾತ್ರೆ, ಪಕ್ಕದಲ್ಲಿ ಒಲೆ ಬೇಡದ ಒಂದು ಪದಾರ್ಥ. ಅಷ್ಟೇ. ತಂಬುಳಿ, ಪಚಡಿ, ಕೋಸಂಬರಿ, ಹಸಿ ಗೊಜ್ಜು, ಮೊಸರು ಕಲಸಿದ ಚಟ್ನಿಪುಡಿ ಎಲ್ಲ ಈ ಎರಡನೇ ಜಾತಿಗೆ ಸೇರಿದವು. ಹಬ್ಬದ ಎಲೆಯಲ್ಲಿ ಮೂಲೆಗೆ ಬಡಿಸುವ ಇವನ್ನೇ ವಾರದ ರಾತ್ರಿಗಳಲ್ಲಿ ದೊಡ್ಡ ಬಟ್ಟಲಿನಲ್ಲಿ ಮಾಡಿದರೆ ಪಲ್ಯ ಬೇಕು ಅನ್ನಿಸುವುದೇ ಇಲ್ಲ.

ಕೆಳಗಿನ ಅಳತೆಗಳೆಲ್ಲ ನಿಮ್ಮ ಮನೆಯ ನಾಲ್ಕು ಜನಕ್ಕೆ. ಲೋಟ ಅಂದರೆ 200 ಎಂ.ಎಲ್. ಹಿಡಿಯುವ ಸ್ಟೀಲ್ ಲೋಟ.

ಮೊದಲು ಹೆಸರುಬೇಳೆ ಅನ್ನ. ಹುಗ್ಗಿ ಅನ್ನಿ, ಪೊಂಗಲ್ ಅನ್ನಿ, ಖಿಚಡಿ ಅನ್ನಿ, ತುಸು ಹೆಚ್ಚು ಕಡಿಮೆ ಅದೇ. ನಮ್ಮ ಮನೆಯಲ್ಲಿ ವರ್ಷದಲ್ಲಿ ಅತಿ ಹೆಚ್ಚು ಸಲ ಆಗಿದ್ದು ಇದೇ. 1 ಲೋಟ ಸೋನಾ ಮಸೂರಿ ಅಕ್ಕಿ, ಮುಕ್ಕಾಲು ಲೋಟ ಹೆಸರುಬೇಳೆ. ಬೇಳೆಯನ್ನು ಕುಕ್ಕರಿನಲ್ಲೇ ಒಂದು ಚಮಚ ತುಪ್ಪ ಹಾಕಿ ಘಮ ಬರುವವರೆಗೆ ಹುರಿಯಿರಿ, ಕೆಂಪಾಗುವುದು ಬೇಡ. ತೊಳೆದ ಅಕ್ಕಿ, ಚಿಟಿಕೆ ಅರಿಶಿನ, ಒಂದು ಚಮಚ ಜೀರಿಗೆ, ಒಂದಿಂಚು ಶುಂಠಿ ಜಜ್ಜಿದ್ದು, ಉಪ್ಪು, ಐದೂವರೆ ಲೋಟ ನೀರು. ಇದಕ್ಕೆ ಎರಡು ಹಿಡಿ ತರಕಾರಿ ಸೇರಿಸಿ. ಸೋರೆಕಾಯಿ, ಕ್ಯಾರೆಟ್, ಬೀನ್ಸ್, ಸೀಮೆಬದನೆ ಯಾವುದಾದರೂ ಸರಿ. ನಾಲ್ಕು ಸೀಟಿ ಕೂಗಿಸಿ, ಒಲೆ ಆರಿಸಿ, ಆವಿ ತಾನಾಗಿ ಇಳಿಯಲು ಬಿಡಿ. ಆ ಹೊತ್ತಿನಲ್ಲಿ ನೀವು ಕೈಕಾಲು ಮುಖ ತೊಳೆದು ಬಟ್ಟೆ ಬದಲಾಯಿಸಿ ಬರಬಹುದು.

ತೊಗರಿಬೇಳೆ ಬಿಟ್ಟು ಹೆಸರುಬೇಳೆಯೇ ಯಾಕೆ? ಹೆಸರುಬೇಳೆ ತೆಳು, ನೆನೆಸದೆ ಬೇಯುತ್ತದೆ. ತೊಗರಿಬೇಳೆ ದಪ್ಪ, ನೆನೆಸದಿದ್ದರೆ ಜಾಸ್ತಿ ಹೊತ್ತು ಬೇಕು. ಅದರ ಮೇಲೆ ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿ ಆಸುಪಾಸಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ಮಂಗಳೂರಿಗಿಂತ ಇಲ್ಲಿ ತುಸು ಹೆಚ್ಚು ಹೊತ್ತು ಬೇಕು. ಕುಕ್ಕರಿನ ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿ ಬಿಸಿಯಾಗುತ್ತದೆ, ಆ ತೊಂದರೆ ಇರುವುದಿಲ್ಲ. ಇನ್ನೊಂದು ವಿಷಯ. ಟೊಮ್ಯಾಟೊ, ಹುಣಸೆಹಣ್ಣು ಯಾವತ್ತೂ ಬೇಳೆಯ ಜೊತೆ ಮೊದಲೇ ಹಾಕಬೇಡಿ. ಹುಳಿ ಸೇರಿದರೆ ಬೇಳೆ ಮೆತ್ತಗಾಗುವುದು ತಡ. ಬೋರ್‌ವೆಲ್ ನೀರಿನ ಗಡಸುತನವೂ ಅದನ್ನೇ ಮಾಡುತ್ತದೆ. ನಿಮ್ಮ ಮನೆಯಲ್ಲಿ ಬೇಳೆ ಬೇಯುವುದೇ ಇಲ್ಲ ಅನ್ನಿಸಿದರೆ, ಫಿಲ್ಟರ್ ನೀರಿನಲ್ಲಿ ಒಂದು ಸಲ ಬೇಯಿಸಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಖಾರವನ್ನು ಕುಕ್ಕರಿಗೆ ಹಾಕಬೇಡಿ. ಮಗನಿಗೆ ಬೇಕಾದಷ್ಟು ಅನ್ನ ತೆಗೆದು ತುಪ್ಪ ಹಾಕಿ ಕೊಟ್ಟುಬಿಡಿ. ಉಳಿದದ್ದಕ್ಕೆ ತುಪ್ಪದಲ್ಲಿ ಒಂದು ಚಮಚ ತರಿತರಿ ಕಾಳುಮೆಣಸು, ಕರಿಬೇವು, ಗೋಡಂಬಿ ಇದ್ದರೆ ನಾಲ್ಕು, ಇಂಗು ಹಾಕಿ ಒಗ್ಗರಣೆ ಕೊಡಿ. ಅತ್ತೆಯವರಿಗೆ ಅಕ್ಕಿ ಬೇಡ ಅಂದರೆ ಅಷ್ಟೇ ಅಳತೆ ಗೋಧಿ ನುಚ್ಚು ಹಾಕಿ ಎಲ್ಲರಿಗೂ ಅದನ್ನೇ ಮಾಡಬಹುದು. ನೀರು ಅಷ್ಟೇ ಸಾಕು. ನುಚ್ಚಿನದು ಬಿಸಿಯಾಗಿದ್ದಾಗ ತುಂಬಾ ಚೆನ್ನಾಗಿರುತ್ತದೆ, ಆರಿದರೆ ಗಟ್ಟಿಯಾಗುತ್ತದೆ. ಬಿಸಿನೀರು ಪಕ್ಕದಲ್ಲಿ ಇಟ್ಟುಕೊಳ್ಳಿ.

ಇದರ ಜೊತೆಗೆ ಸೌತೆಕಾಯಿ ಪಚಡಿ. ಸೌತೆಕಾಯಿ ತುರಿ, ಮೊಸರು, ಉಪ್ಪು, ಸಾಸಿವೆ ಒಗ್ಗರಣೆ. ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಿ, ಇಲ್ಲದಿದ್ದರೆ ನೀರು ಬಿಟ್ಟುಕೊಳ್ಳುತ್ತದೆ.

ಎರಡನೆಯದು ಉಪ್ಪುಸಾರು. ನಿಮ್ಮ ಮನೆಯ ಪರಿಸ್ಥಿತಿಗೆ ಇದಕ್ಕಿಂತ ಹೊಂದುವ ಅಡುಗೆ ನನಗೆ ಗೊತ್ತಿಲ್ಲ. ಮಂಡ್ಯ, ಮೈಸೂರು, ಹಾಸನದ ಕಡೆಯವರಿಗೆ ಇದನ್ನು ಹೇಳಿಕೊಡುವುದು ಬೇಡ. ಬೇರೆ ಕಡೆಯವರಿಗಾಗಿ ಬರೆಯುತ್ತೇನೆ. ಕಾಳು, ಸೊಪ್ಪು ಉಪ್ಪು ಹಾಕಿ ಬೇಯಿಸಿ, ಆ ಕಟ್ಟನ್ನೇ ಸಾರಾಗಿ ಉಣ್ಣುವುದು. ಖಾರವನ್ನು ಬೇರೆಯಾಗಿ ರುಬ್ಬಿ ಇಟ್ಟಿರುತ್ತಾರೆ. ತಟ್ಟೆಯಲ್ಲಿ ಅವರವರಿಗೆ ಬೇಕಾದಷ್ಟು ಖಾರ ಕಲಸಿಕೊಳ್ಳುತ್ತಾರೆ. ಅಂದರೆ ನಿಮ್ಮ ಮಗನಿಗೆ ಖಾರವೇ ಇಲ್ಲ, ಅತ್ತೆಯವರಿಗೆ ಸ್ವಲ್ಪ, ನಿಮ್ಮಿಬ್ಬರಿಗೆ ನಿಮ್ಮಿಷ್ಟ. ಒಂದೇ ಪಾತ್ರೆಯಿಂದ ಎಲ್ಲರ ಊಟ.

ಬೆಳಿಗ್ಗೆ ಹೊರಡುವ ಮೊದಲು 1 ಲೋಟ ಹೆಸರುಕಾಳು ಅಥವಾ ಅಲಸಂದೆ ಕಾಳು ನೆನೆಸಿಡಿ. ರಾತ್ರಿ ಬಂದು ಐದು ಲೋಟ ನೀರು, ಉಪ್ಪು ಹಾಕಿ ಕುಕ್ಕರಿನಲ್ಲಿ ಎರಡು ಸೀಟಿ. ಆವಿ ಇಳಿದ ಮೇಲೆ ಹೆಚ್ಚಿದ ಒಂದು ಕಟ್ಟು ದಂಟಿನ ಸೊಪ್ಪು ಹಾಕಿ ಮುಚ್ಚಳ ಇಲ್ಲದೆ ನಾಲ್ಕೈದು ನಿಮಿಷ ಕುದಿಸಿ. ಸೊಪ್ಪನ್ನು ಸೀಟಿಗೆ ಸಿಕ್ಕಿಸಬೇಡಿ, ಬಣ್ಣ ಹೋಗುತ್ತದೆ, ರುಚಿಯೂ ಮಂಕಾಗುತ್ತದೆ. ಈಗ ಬಸಿಯಿರಿ. ಕಟ್ಟು ಸಾರಾಯಿತು. ಕಾಳು ಸೊಪ್ಪಿಗೆ ಈರುಳ್ಳಿ ಒಗ್ಗರಣೆ, ಒಂದು ಹಿಡಿ ಕಾಯಿತುರಿ ಹಾಕಿದರೆ ಪಲ್ಯ.

ಖಾರಕ್ಕೆ ಎಂಟು ಹತ್ತು ಒಣಮೆಣಸಿನಕಾಯಿ ಹುರಿದುಕೊಳ್ಳಿ. ಒಂದು ಗಡ್ಡೆ ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಮೆಣಸು, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಉಪ್ಪು, ಕೊತ್ತಂಬರಿ ಸೊಪ್ಪು ಸೇರಿಸಿ ನೀರು ಕಡಿಮೆ ಹಾಕಿ ರುಬ್ಬಿ. ಭಾನುವಾರ ಮಾಡಿ ಗಾಜಿನ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಒಂದು ವಾರ ಬರುತ್ತದೆ. ಇಡುವ ಖಾರಕ್ಕೆ ಕಾಯಿ ಹಾಕಬೇಡಿ, ಬೇಗ ಕೆಡುತ್ತದೆ.

ಮುದ್ದೆ ಕಷ್ಟ ಅಂತ ಬಿಡುವವರು ಬಹಳ ಜನ. ಅದು ಹತ್ತು ಹದಿನೈದು ನಿಮಿಷದ ಕೆಲಸ. ಒಂದೂವರೆ ಲೋಟ ರಾಗಿಹಿಟ್ಟಿಗೆ ಮೂರು ಲೋಟ ನೀರು. ಎರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ನೀರಿಗೆ ಹಾಕಿ ಕುದಿ ಬರಿಸಿ. ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೈಯಾಡಿಸದೆ, ಸಣ್ಣ ಉರಿಯಲ್ಲಿ ನಾಲ್ಕು ನಿಮಿಷ ಬಿಡಿ. ಸುತ್ತಲಿನ ನೀರು ಉಕ್ಕಿ ಹಿಟ್ಟಿನ ಮೇಲೆ ಬರುತ್ತದೆ. ಆಮೇಲೆ ಕೋಲಿನಿಂದ ಗಂಟಿಲ್ಲದೆ ತಿರುವಿ, ಮುಚ್ಚಿ ಇನ್ನೆರಡು ನಿಮಿಷ ಬೇಯಿಸಿ, ಒದ್ದೆ ಕೈಯಲ್ಲಿ ಕಟ್ಟಿ. ಹಿಟ್ಟು ಹಾಕಿದ ಕೂಡಲೇ ತಿರುವಲು ಹೋದರೆ ಗಂಟಾಗುತ್ತದೆ, ಮುದ್ದೆ ಹಸಿಯಾಗಿ ಉಳಿಯುತ್ತದೆ. ಆ ನಾಲ್ಕು ನಿಮಿಷ ಸುಮ್ನೆ ನಿಲ್ಲುವುದೇ ಇದರ ಗುಟ್ಟು.

ಇನ್ನು ಉತ್ತರ ಕರ್ನಾಟಕದ ಕಡೆಗೆ ಬನ್ನಿ. ಖಡಕ್ ಜೋಳದ ರೊಟ್ಟಿಯ ಹಾಗೆ ದುಡಿಯುವ ಮನೆಗೆ ನೆರವಾಗುವ ಪದಾರ್ಥ ಇನ್ನೊಂದಿಲ್ಲ. ಬೇಯಿಸಿ ಒಣಗಿಸಿದ ರೊಟ್ಟಿ, ತೇವ ತಾಗದ ಹಾಗೆ ಇಟ್ಟರೆ ವಾರಗಟ್ಟಲೆ ಇರುತ್ತದೆ. ಬೆಂಗಳೂರಿನಲ್ಲಿ ಉತ್ತರ ಕರ್ನಾಟಕದ ತಿಂಡಿ ಮಾರುವ ಅಂಗಡಿಗಳಲ್ಲಿ ಕಟ್ಟುಗಟ್ಟಲೆ ಸಿಗುತ್ತದೆ. ಚಪಾತಿ ಲಟ್ಟಿಸುವ ಕೆಲಸವನ್ನು ವಾರದ ದಿನಗಳಲ್ಲಿ ಬಿಟ್ಟುಬಿಡಿ, ಇದನ್ನು ತಂದಿಟ್ಟುಕೊಳ್ಳಿ. ನಿಮ್ಮ ರಾತ್ರಿಯಿಂದ ಮುಕ್ಕಾಲು ಗಂಟೆ ಅಲ್ಲೇ ಉಳಿಯುತ್ತದೆ.

ರೊಟ್ಟಿ ಇದ್ದರೆ ಝುಣಕ ಮಾಡಿ. 1 ಲೋಟ ಕಡಲೆಹಿಟ್ಟನ್ನು ಎರಡೂವರೆ ಲೋಟ ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿಡಿ. ಬಾಣಲೆಯಲ್ಲಿ ಮೂರು ಚಮಚ ಎಣ್ಣೆ, ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ಎಂಟು ಎಸಳು ಬೆಳ್ಳುಳ್ಳಿ, ಎರಡು ಹಸಿಮೆಣಸಿನಕಾಯಿ, ಸಣ್ಣಗೆ ಹೆಚ್ಚಿದ ಎರಡು ಈರುಳ್ಳಿ. ಈರುಳ್ಳಿ ಮೆತ್ತಗಾದ ಮೇಲೆ ಅರಿಶಿನ, ಉಪ್ಪು, ಕದಡಿದ ಹಿಟ್ಟು. ಗಟ್ಟಿಯಾಗುವ ತನಕ ಕೈಯಾಡಿಸಿ, ಆಮೇಲೆ ಮುಚ್ಚಿ ಸಣ್ಣ ಉರಿಯಲ್ಲಿ ಆರೇಳು ನಿಮಿಷ. ಕಡಲೆಹಿಟ್ಟಿನ ಹಸಿ ವಾಸನೆ ಪೂರ್ತಿ ಹೋಗಬೇಕು. ಅಂಚಿನಲ್ಲಿ ಎಣ್ಣೆ ಬಿಡಲು ಶುರುವಾದರೆ ಆಯಿತು ಅಂತ ಅರ್ಥ. ಗಟ್ಟಿ ಝುಣಕ ಇಷ್ಟಪಡುವವರು ನೀರನ್ನು ಎರಡು ಲೋಟಕ್ಕೆ ಇಳಿಸಬಹುದು. ಎಣ್ಣೆ ಮಾತ್ರ ಕಡಿಮೆ ಮಾಡಬೇಡಿ, ಬಾಯಿಗೆ ಅಂಟಿಕೊಳ್ಳುತ್ತದೆ.

ಆ ಕಡೆಯ ಊಟದಲ್ಲಿ ರೊಟ್ಟಿಯ ಪಕ್ಕಕ್ಕೆ ಹಸಿ ಮೆಂತ್ಯಸೊಪ್ಪು, ಮೂಲಂಗಿ, ಈರುಳ್ಳಿ, ಸೌತೆಕಾಯಿ ಇಡುತ್ತಾರೆ. ಜೊತೆಗೆ ಶೇಂಗಾ ಚಟ್ನಿಪುಡಿ, ಮೊಸರು. ತೊಳೆದು ಹೆಚ್ಚಿದರೆ ಮುಗಿಯಿತು, ಇದೂ ಒಲೆ ಕಾಣದ ಕೆಲಸ. ಶೇಂಗಾ ಚಟ್ನಿಪುಡಿಯನ್ನು ಮನೆಯಲ್ಲೇ ಮಾಡಿಕೊಳ್ಳಿ ಅನ್ನುವುದು ನನ್ನ ಒತ್ತಾಯ. 2 ಲೋಟ ಹುರಿದು ಸಿಪ್ಪೆ ತೆಗೆದ ಶೇಂಗಾ, ಹತ್ತು ಎಸಳು ಬೆಳ್ಳುಳ್ಳಿ, ಎರಡು ಚಮಚ ಬ್ಯಾಡಗಿ ಖಾರಪುಡಿ, ಒಂದು ಚಮಚ ಜೀರಿಗೆ, ಉಪ್ಪು, ಚೂರು ಬೆಲ್ಲ. ಕುಟ್ಟಿದರೆ ಅದರ ರುಚಿಯೇ ಬೇರೆ. ಮಿಕ್ಸಿಯಲ್ಲಾದರೆ ತಡೆದು ತಡೆದು ಓಡಿಸಿ. ಒಂದೇ ಸಮನೆ ಓಡಿಸಿದರೆ ಶೇಂಗಾ ಎಣ್ಣೆ ಬಿಟ್ಟು ಪುಡಿ ಹೋಗಿ ಮುದ್ದೆಯಾಗುತ್ತದೆ. ಮಗನಿಗೆ ಖಾರ ಹಾಕದ ಪುಡಿಯನ್ನು ಒಂದು ಸಣ್ಣ ಡಬ್ಬಿಯಲ್ಲಿ ಮೊದಲೇ ತೆಗೆದಿಟ್ಟು, ತುಪ್ಪದ ಜೊತೆ ಕೊಡಿ.

ಒಲೆ ಮುಂದೆ ನಿಲ್ಲಲೂ ಆಗದ ರಾತ್ರಿಗಳು ಇರುತ್ತವೆ. ಹೊರಗಿನಿಂದ ತರಿಸುವುದು ಬಹುಶಃ ಅಂಥ ದಿನಗಳಲ್ಲೇ ಅಲ್ವಾ? ಅಂದಿಗೆ ಗೊಜ್ಜವಲಕ್ಕಿ ಇದೆ. 3 ಲೋಟ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ರವೆಯ ಹಾಗೆ ತರಿ ಮಾಡಿಕೊಳ್ಳಿ. ನಿಂಬೆ ಗಾತ್ರದ ಹುಣಸೆಹಣ್ಣಿನ ರಸ, ಎರಡು ದೊಡ್ಡ ಚಮಚ ಬೆಲ್ಲ, ಮೂರು ಚಮಚ ಸಾರಿನ ಪುಡಿ, ಉಪ್ಪು, ಎಲ್ಲ ಸೇರಿ ಎರಡು ಲೋಟದಷ್ಟು ಹುಳಿನೀರು ಆಗಬೇಕು. ಅದಕ್ಕೆ ಅವಲಕ್ಕಿ ಹಾಕಿ ಕಲಸಿ, ಇಪ್ಪತ್ತು ನಿಮಿಷ ಮುಚ್ಚಿಡಿ. ಉದುರುದುರಾಗಿ ಅರಳುತ್ತದೆ. ಇನ್ನೂ ಒಣಗಿದ ಹಾಗೆ ಕಂಡರೆ ಸ್ವಲ್ಪ ನೀರು ಚಿಮುಕಿಸಿ. ಕಡಲೆಕಾಯಿ ಬೀಜ, ಕಡಲೆಬೇಳೆ, ಉದ್ದಿನಬೇಳೆ, ಇಂಗು, ಕರಿಬೇವಿನ ಒಗ್ಗರಣೆ, ಮೇಲೆ ಒಣಕೊಬ್ಬರಿ ತುರಿ. ತೆಳು ಅವಲಕ್ಕಿಯಲ್ಲಿ ಇದನ್ನು ಮಾಡಬೇಡಿ, ಮುದ್ದೆಯಾಗುತ್ತದೆ. ಅಂಗಡಿಯ ಸಾರಿನ ಪುಡಿ ಬಳಸಿದರೆ ಏನೂ ತಪ್ಪಿಲ್ಲ. ಪಕ್ಕಕ್ಕೆ ಗಟ್ಟಿ ಮೊಸರು ಸಾಕು.

ತಂಬುಳಿ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಬಯಲುಸೀಮೆಯ ಮನೆಗಳಲ್ಲಿ ಇದರ ಬಳಕೆ ಕಡಿಮೆ. ಮಲೆನಾಡು, ಉತ್ತರ ಕನ್ನಡ, ಕರಾವಳಿಯಲ್ಲಿ ಊಟದ ಶುರುವಿಗೇ ತಂಬುಳಿ. ಬಿಸಿ ಅನ್ನದ ಜೊತೆ ಅದೊಂದಿದ್ದರೆ ನಾನು ಬೇರೇನೂ ಕೇಳುವುದಿಲ್ಲ. ದೊಡ್ಡಪತ್ರೆಯ ಹದಿನೈದು ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ. ಕಾಲು ಲೋಟ ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ. ಎರಡು ಲೋಟ ಹುಳಿ ಇಲ್ಲದ ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿ, ಸಾಸಿವೆ ಒಗ್ಗರಣೆ ಕೊಡಿ. ಕುದಿಸುವುದಿಲ್ಲ. ಎಲೆಗಳನ್ನು ಬಾಡಿಸುವ ಎರಡು ನಿಮಿಷ ಬಿಟ್ಟರೆ ಒಲೆಯ ಕೆಲಸವೇ ಇಲ್ಲ. ದೊಡ್ಡಪತ್ರೆಯ ಒಂದು ಕಡ್ಡಿ ಕುಂಡದಲ್ಲಿ ಚುಚ್ಚಿದರೆ ಬೇರು ಬಿಡುತ್ತದೆ, ಬಾಲ್ಕನಿಯಲ್ಲೇ ವರ್ಷವಿಡೀ ಸಿಗುತ್ತದೆ. ಎಲೆ ಇಲ್ಲದ ದಿನ ಮೆಂತ್ಯದ ತಂಬುಳಿ. ಅರ್ಧ ಚಮಚ ಮೆಂತ್ಯಕಾಳು ತುಪ್ಪದಲ್ಲಿ ಕೆಂಪಗೆ ಹುರಿಯಬೇಕು. ಕಪ್ಪಾದರೆ ಕಹಿ, ಚೆಲ್ಲಿಬಿಡಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಮಾವಿನಕಾಯಿ ಸಿಗುವ ಮಾರ್ಚ್‌ನಿಂದ ಮೇ ತಿಂಗಳವರೆಗೆ ಮಾವಿನಕಾಯಿ ಚಿತ್ರಾನ್ನ, ಪಕ್ಕಕ್ಕೆ ಹೆಸರುಬೇಳೆ ಕೋಸಂಬರಿ. ಡಿಸೆಂಬರ್, ಜನವರಿಯಲ್ಲಿ ಸುಲಿದ ಅವರೆಕಾಳು ಸಿಗುತ್ತದೆ, ಅದನ್ನು ಬೇಯಿಸಿ ಉಪ್ಪಿಟ್ಟಿಗೆ ಹಾಕಿದರೆ ಅದೇ ಪೂರ್ತಿ ಊಟ. ಹಿತಕಿದ ಬೇಳೆಯ ಆಸೆ ಮಾತ್ರ ಭಾನುವಾರಕ್ಕೆ ಇರಲಿ. ಬಿಸಿಬೇಳೆ ಬಾತ್ ಕೂಡ ಹಾಗೆಯೇ. ಬೆಳಿಗ್ಗೆ ಅಕ್ಕಿ ನೆನೆಸಿ ಫ್ರಿಜ್ಜಿನಲ್ಲಿಟ್ಟು ಹೋದರೆ ರಾತ್ರಿ ರುಬ್ಬಿ ನೀರ್ ದೋಸೆ ಹುಯ್ಯಬಹುದು. ಹುದುಗಿಸುವ ರಗಳೆ ಇಲ್ಲ. ಕಾಯಿ ಬೆಲ್ಲ ಕಲಸಿ ಕೊಟ್ಟರೆ ಮಕ್ಕಳು ತಕರಾರಿಲ್ಲದೆ ತಿನ್ನುತ್ತಾರೆ. ಅಕ್ಕಿ ರೊಟ್ಟಿ ರುಚಿಯಲ್ಲಿ ಇವೆಲ್ಲಕ್ಕಿಂತ ಮೇಲೆ. ಆದರೆ ನಾಲ್ಕು ಜನಕ್ಕೆ ಒಂದೊಂದಾಗಿ ತಟ್ಟಿ ಬೇಯಿಸಲು ಹೊತ್ತು ಬೇಕು. ಎರಡು ಬಾಣಲೆ ಇದ್ದರೆ ಮಾತ್ರ ಕೈ ಹಾಕಿ. ಒಂದು ಬೇಯುವಾಗ ಇನ್ನೊಂದನ್ನು ನಲ್ಲಿ ಕೆಳಗೆ ತಣ್ಣಗೆ ಮಾಡಿ ತಟ್ಟಿಕೊಳ್ಳಬಹುದು.

ಇವೆಲ್ಲ ಅರ್ಧ ಮುಕ್ಕಾಲು ಗಂಟೆಯಲ್ಲಿ ಆಗಬೇಕಾದರೆ ಭಾನುವಾರ ಒಂದಿಷ್ಟು ಹೊತ್ತು ಕೊಡಬೇಕು. ಎರಡು ತೆಂಗಿನಕಾಯಿ ತುರಿದು ಚಿಕ್ಕ ಡಬ್ಬಿಗಳಲ್ಲಿ ಫ್ರೀಜರಿಗೆ ಹಾಕಿ. ಸೊಪ್ಪು ಬಿಡಿಸಿ, ತೊಳೆಯದೆ, ಒಣ ಬಟ್ಟೆಯಲ್ಲಿ ಸುತ್ತಿಡಿ. ತೊಳೆದಿಟ್ಟರೆ ಎರಡೇ ದಿನಕ್ಕೆ ಕೊಳೆಯುತ್ತದೆ. ಹುಣಸೆರಸವನ್ನು ಗಟ್ಟಿಯಾಗಿ ಕುದಿಸಿ ಶೀಶೆಯಲ್ಲಿಡಿ. ಈ ಕೆಲಸಗಳನ್ನು ನಿಮ್ಮ ಯಜಮಾನರು ಮಾಡಲಿ. ಒಲೆ ಬೇಡದ ಪದಾರ್ಥವೂ ರಾತ್ರಿ ಅವರ ಪಾಲಿಗೇ ಇರಲಿ. ನೀವು ಕುಕ್ಕರ್ ಇಡುವ ಹೊತ್ತಿಗೆ ಅವರು ಸೌತೆಕಾಯಿ ತುರಿದು ಮೊಸರು ಕಲಸಿದರೆ ಇಬ್ಬರ ಕೆಲಸವೂ ಒಟ್ಟಿಗೆ ಮುಗಿಯುತ್ತದೆ.

ಚಿತ್ರಾನ್ನಕ್ಕೆ ಬೆಳಗಿನ ಅನ್ನ ಬಳಸುವವರು ಒಂದು ಮಾತು ಗಮನಿಸಿ. ಅನ್ನವನ್ನು ಬೆಳಿಗ್ಗೆಯಿಂದ ರಾತ್ರಿಯವರೆಗೆ ಅಡುಗೆಮನೆ ಕಟ್ಟೆಯ ಮೇಲೆ ಬಿಡಬೇಡಿ. ಅಕ್ಕಿಯಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಾಣುಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಕೂತಿದ್ದರೆ ಅವು ಬೆಳೆದು ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ತಟ್ಟೆಯಲ್ಲಿ ಹರಡಿ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮನೆಯಲ್ಲಿ ಮಗು, ವಯಸ್ಸಾದವರು ಇದ್ದಾರೆ, ಇದರಲ್ಲಿ ಉದಾಸೀನ ಬೇಡ.

ಅತ್ತೆಯವರ ಊಟದ ವಿಚಾರ. ರಾಗಿ, ಜೋಳ, ಗೋಧಿ ನುಚ್ಚು ಯಾವುದೇ ಆದರೂ ಹಿಟ್ಟಿನ ಅಂಶ ಇದ್ದೇ ಇದೆ. ಅನ್ನ ಬಿಟ್ಟೆವು ಅಂತ ಎರಡು ಮುದ್ದೆ ತಿಂದರೆ ಪ್ರಯೋಜನ ಇಲ್ಲ. ಮುದ್ದೆ ಚಿಕ್ಕದಾಗಿ ಕಟ್ಟಿ, ಕಾಳು ಸೊಪ್ಪಿನ ಪಲ್ಯ ಜಾಸ್ತಿ ಬಡಿಸಿ. ಗೊಜ್ಜವಲಕ್ಕಿಯಲ್ಲಿ ಅವಲಕ್ಕಿ, ಬೆಲ್ಲ ಎರಡೂ ಇವೆ, ಅಂದು ಅವರಿಗೆ ರೊಟ್ಟಿ, ಮೊಸರು, ಚಟ್ನಿಪುಡಿ ಕೊಡಿ. ಎಷ್ಟು ತಿನ್ನಬೇಕು ಅನ್ನುವುದನ್ನು ಅವರ ವೈದ್ಯರೇ ಹೇಳಬೇಕು. ಖಡಕ್ ರೊಟ್ಟಿ ಅಗಿಯಲು ಆಗದಿದ್ದರೆ ಮುರಿದು, ಬಿಸಿ ಉಪ್ಪುಸಾರಿನ ಕಟ್ಟಿನಲ್ಲಿ ಐದು ನಿಮಿಷ ನೆನೆಸಿ ಕೊಡಿ. ಮೆತ್ತಗಾಗುತ್ತದೆ, ಸಾರಿನ ರುಚಿಯನ್ನೂ ಹೀರಿಕೊಳ್ಳುತ್ತದೆ.